ಎರಡು ಸೆಕೆಂಡಿನ ಲೆಕ್ಕ

ಎಂಟನೆಯ ತರಗತಿಯ ‘ಘರ್ಷಣೆ’ ಪಾಠದ ಕೊನೆಯ ಭಾಗ ನನ್ನ ಪಾಲಿಗೆ ಬಂದಾಗ ಒಳಗೊಳಗೇ ಖುಷಿಯಾಗಿತ್ತು. ನೀರಿನಲ್ಲಿ, ಗಾಳಿಯಲ್ಲಿ ಚಲಿಸುವ ವಸ್ತುವನ್ನು ಹಿಂದಕ್ಕೆ ಜಗ್ಗುವ ಎಳೆತದ ಬಗ್ಗೆ ಹೇಳುವ ಭಾಗ ಅದು. ಪುಸ್ತಕದಲ್ಲಿ ಹಕ್ಕಿ, ಮೀನು, ವಿಮಾನಗಳ ಆಕಾರದ ಮಾತಿದೆ. ಹಕ್ಕಿ ಮೀನುಗಳ ಚಾರ್ಟನ್ನು ನನಗಿಂತ ಮುಂಚೆ ಇಂಟರ್ನ್‌ಶಿಪ್‌ಗೆ ಬಂದವರೆಲ್ಲ ತೋರಿಸಿಯಾಗಿದೆ; ಆ ಶಾಲೆಯ ಬೀರುವಿನಲ್ಲೇ ಅಂಥ ನಾಲ್ಕು ಚಾರ್ಟುಗಳು ಸುತ್ತಿಟ್ಟುಕೊಂಡು ಕೂತಿದ್ದವು. ನಾನು ಈಜುವವನು. ನನ್ನ ಬಳಿ ಬೇರೆಯದೇ ಒಂದು ಸಾಮಗ್ರಿ ಇತ್ತು, ನಮ್ಮ ಸೋದರಮಾವನ ರೇಸಿಂಗ್ ಸೂಟ್.

ಸೊಂಟದಿಂದ ಮೊಣಕಾಲಿನವರೆಗೆ ಬರುವ ಕಪ್ಪು ಬಟ್ಟೆ. ಕೈಗೆತ್ತಿಕೊಂಡರೆ ತೂಕವೇ ಇಲ್ಲ, ಕಾಗದದ ಹಾಗೆ ಸರಸರ ಎನ್ನುತ್ತದೆ. ತೊಡಗಿಸಿಕೊಳ್ಳುವಿಕೆಯ ಹಂತಕ್ಕೆ ಇದಕ್ಕಿಂತ ಚೆನ್ನಾದದ್ದು ಏನಿದೆ ಎಂದು ಪಾಠ ಯೋಜನೆಯಲ್ಲಿ ಬರೆದುಕೊಂಡೆ. ಒಂದು ಹತ್ತಿ ಬಟ್ಟೆಯ ತುಂಡು, ಒಂದು ಸೂಟ್, ಒಂದು ಡ್ರಾಪರ್. ಹತ್ತಿ ಬಟ್ಟೆಯ ಮೇಲೆ ಬಿಟ್ಟ ನೀರಿನ ಹನಿ ಕಣ್ಣು ಮಿಟುಕಿಸುವಷ್ಟರಲ್ಲಿ ಇಂಗಿಹೋಯಿತು. ಸೂಟಿನ ಮೇಲೆ ಬಿಟ್ಟದ್ದು ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ಗುಂಡಗೆ ನಿಂತು, ಬಟ್ಟೆ ವಾಲಿಸಿದಾಗ ಉರುಳಿ ಕೆಳಗೆ ಬಿತ್ತು. ಹಿಂದಿನ ಬೆಂಚಿನವರು ಎದ್ದು ನಿಂತರು. ವೀಕ್ಷಣೆಗೆ ಕೂತಿದ್ದ ನನ್ನ ಸಹಪಾಠಿ ದೂರದಿಂದಲೇ ಹೆಬ್ಬೆರಳು ತೋರಿಸಿದ.

ಆಗ ಎರಡನೆಯ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. “ಸಾರ್, ಇದನ್ನ ಹಾಕ್ಕೊಂಡ್ರೆ ನಿಮ್ಮ ಮಾವಂಗೆ ಎಷ್ಟು ಸೆಕೆಂಡ್ ಕಮ್ಮಿ ಆಗುತ್ತೆ?”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದಕ್ಕೆ ಅರ್ಧ ಸೆಕೆಂಡೂ ಬೇಕಿರಲಿಲ್ಲ. ಆದರೆ ಪಾಠ ಅಷ್ಟು ಚೆನ್ನಾಗಿ ಓಡುತ್ತಿತ್ತು, ಮೇಡಂ ಕೊನೆಯ ಬೆಂಚಿನಲ್ಲಿ ಬರೆದುಕೊಳ್ಳುತ್ತಿದ್ದರು. “ಐವತ್ತು ಮೀಟರಿಗೆ ಸುಮಾರು ಎರಡು ಸೆಕೆಂಡ್” ಅಂದುಬಿಟ್ಟೆ. ಆ ಎರಡು ಎಲ್ಲಿಂದ ಬಂತು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳುವುದಕ್ಕೆ ಚೆನ್ನಾಗಿತ್ತು, ಅಷ್ಟೆ.

ಮೂರು ದಿನದ ನಂತರ ನೋಟ್ಸ್ ತಿದ್ದಲು ಕೂತೆ. ಮೂವತ್ತೆಂಟು ಪುಸ್ತಕ. ‘ಎಳೆತವನ್ನು ಕಡಿಮೆ ಮಾಡುವ ವಿಧಾನಗಳು’ ಎಂಬ ತಲೆಬರಹದ ಕೆಳಗೆ ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ ಸಾಲು: ವಿಶೇಷ ಈಜುಡುಗೆ ಧರಿಸಿದರೆ 50 ಮೀಟರಿಗೆ 2 ಸೆಕೆಂಡ್ ಉಳಿಯುತ್ತದೆ. ಕೆಲವರು ಕೆಂಪು ಪೆನ್ನಿನಲ್ಲಿ ಕೆಳಗೆ ಗೆರೆ ಎಳೆದಿದ್ದರು. ನಾನೇ ಸೃಷ್ಟಿಸಿದ ಸುಳ್ಳಿಗೆ ನಾನೇ ಸರಿ ಗುರುತು ಹಾಕಬೇಕಾಗಿ ಬಂದಿತ್ತು. ಹತ್ತನೆಯ ಪುಸ್ತಕದ ಹೊತ್ತಿಗೆ ಪೆನ್ನು ಕೆಳಗಿಟ್ಟೆ.

ಮಾವನ ವಿಷಯ ಸ್ವಲ್ಪ ಹೇಳಬೇಕು. ಅವರಿಗೆ ಈಗ 53. ಹುಟ್ಟಿದೂರಿನ ಕೆರೆಯಲ್ಲಿ ನಾಯಿ ಈಜು ಕಲಿತವರು, ಆಮೇಲೆ ಮೂವತ್ತು ವರ್ಷ ನೀರಿಗೆ ಇಳಿದಿರಲಿಲ್ಲ. ಸೊಂಟ ನೋವು ಬಂದು ಡಾಕ್ಟರು ಈಜಿ ಅಂದ ಮೇಲೆ ನಗರಪಾಲಿಕೆಯ ಈಜುಕೊಳಕ್ಕೆ ಬೆಳಗಿನ ಐದೂವರೆಯ ಬ್ಯಾಚಿಗೆ ಸೇರಿದರು. ಅಲ್ಲಿಂದ ಮಾಸ್ಟರ್ಸ್ ಸ್ಪರ್ಧೆಗಳ ಗೀಳು ಹತ್ತಿತು. ಗೊತ್ತಿಲ್ಲದವರಿಗಾಗಿ ಹೇಳುವುದಾದರೆ, ಮಾಸ್ಟರ್ಸ್ ಎಂದರೆ ವಯಸ್ಕರ ಸ್ಪರ್ಧಾ ಈಜು. ಅಂತಾರಾಷ್ಟ್ರೀಯ ನಿಯಮದಲ್ಲಿ 25ಕ್ಕೆ ಶುರುವಾಗುತ್ತದೆ. 25ರಿಂದ 29, 30ರಿಂದ 34 ಹೀಗೆ ಐದೈದು ವರ್ಷದ ಗುಂಪುಗಳು, ಮೇಲಕ್ಕೆ ತೊಂಬತ್ತು ದಾಟಿದವರವರೆಗೂ. ವಿಶ್ವ ಮಟ್ಟದ ಮೊದಲ ಮಾಸ್ಟರ್ಸ್ ಕೂಟ 1986ರಲ್ಲಿ ಟೋಕಿಯೊದಲ್ಲಿ ನಡೆಯಿತು. ನಮ್ಮಲ್ಲೂ ರಾಜ್ಯಮಟ್ಟದ ಕೂಟಗಳು ನಡೆಯುತ್ತವೆ. ಮಾವ 50ರಿಂದ 54ರ ಗುಂಪಿನವರು. ಈ ವರ್ಷ 25 ತುಂಬಿದ ನಾನೂ ಕಾಗದದ ಮೇಲೆ ಮಾಸ್ಟರ್ ಆಗಿದ್ದೇನೆ. ಬಿ.ಇಡಿ ಮುಗಿಸುವ ಮೊದಲೇ ಮಾಸ್ಟರ್ ಆದೆ ಎಂದು ನಮ್ಮ ಹಾಸ್ಟೆಲಿನಲ್ಲಿ ಒಂದು ತಮಾಷೆ ಓಡಾಡುತ್ತಿದೆ.

ಮಾವ ಪದಕದ ಆಸೆಯವರಲ್ಲ. ಅವರ ಹತ್ತಿರ ಒಂದು ಎಲ್‌ಐಸಿ ಡೈರಿ ಇದೆ. 2017ರಿಂದ ಇಲ್ಲಿಯವರೆಗೆ ಯಾವ ದಿನ ಎಷ್ಟು ಈಜಿದರು, 50 ಮೀಟರಿಗೆ ಎಷ್ಟು ಸಮಯ, ಎಲ್ಲವೂ ನೀಲಿ ಇಂಕಿನಲ್ಲಿ ಇದೆ. ವರ್ಷ ಮುಗಿದರೂ ಡೈರಿ ಬದಲಾಗಲಿಲ್ಲ, ತಾರೀಖು ಹೊಡೆದು ಹೊಸದನ್ನು ಬರೆದುಕೊಂಡು ಬಂದಿದ್ದಾರೆ. ವಯಸ್ಸು ಏರುವಾಗ ಸಮಯ ಏರದ ಹಾಗೆ ಹಿಡಿದಿಡುವುದು ಅವರ ಆಟ. ಹೋದ ವರ್ಷ ಅಮೆರಿಕದಿಂದ ಬಂದ ಅವರ ಮಗ ಆ ಸೂಟ್ ತಂದುಕೊಟ್ಟ. ಬೆಲೆ ಕೇಳಿದ ಅತ್ತೆ ಎರಡು ದಿನ ಮಾತಾಡಲಿಲ್ಲ. ರೂಪಾಯಿಯಲ್ಲಿ ಹದಿನೆಂಟು ಸಾವಿರದ ಹತ್ತಿರ. ಅವರು ದಿನಾ ಹಾಕಿಕೊಳ್ಳುವ ನೈಲಾನ್ ಚಡ್ಡಿಗೆ ಆರುನೂರು.

ಸುಳ್ಳು ಹೇಳಿಯಾಗಿತ್ತು. ತಿದ್ದುವ ಮುಂಚೆ ಓದಿಕೊಳ್ಳೋಣ ಎಂದು ಕೂತೆ. ಈ ಉಡುಗೆಗಳ ಕಥೆ ನನಗೆ ಅರ್ಧಂಬರ್ಧ ಗೊತ್ತಿತ್ತು. ಪೂರ್ತಿ ಓದಿದಾಗ, ನಾನು ಎದುರಿಸುತ್ತಿದ್ದ ಸಣ್ಣ ಸಮಸ್ಯೆಯನ್ನೇ ಇಡೀ ಜಗತ್ತಿನ ಈಜು ಎದುರಿಸಿತ್ತು ಎನಿಸಿತು.

2008ರ ಫೆಬ್ರವರಿಯಲ್ಲಿ ಸ್ಪೀಡೊ ಕಂಪನಿ ಎಲ್‌ಝಡ್‌ಆರ್ ರೇಸರ್ ಎಂಬ ಸೂಟನ್ನು ಬಿಡುಗಡೆ ಮಾಡಿತು. ಬಟ್ಟೆಗಳನ್ನು ನಾಸಾದ ಗಾಳಿ ಸುರಂಗದಲ್ಲಿ ಪರೀಕ್ಷಿಸಿದ್ದರು. ಹೊಲಿಗೆಯ ಬದಲು ಶ್ರವಣಾತೀತ ತರಂಗಗಳಿಂದ ಅಂಚುಗಳನ್ನು ಬೆಸೆದಿದ್ದರು. ದೇಹದ ಆಯಾ ಕಡೆ ಪಾಲಿಯುರಿಥೇನ್ ಪಟ್ಟಿಗಳಿದ್ದವು. ಅವು ಮೈಯನ್ನು ಬಿಗಿದು ನಯವಾದ ಕೊಳವೆಯ ಹಾಗೆ ಮಾಡುತ್ತಿದ್ದವು. ಆ ವರ್ಷದ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಈಜಿನಲ್ಲಿ 25 ವಿಶ್ವ ದಾಖಲೆಗಳು ಮುರಿದವು, ಅದರಲ್ಲಿ 23 ಈ ಸೂಟ್ ತೊಟ್ಟವರವು. ಮರುವರ್ಷ ಇತರ ಕಂಪನಿಗಳು ಪಟ್ಟಿಗಳ ಗೋಜೇ ಬೇಡವೆಂದು ಪೂರ್ತಿ ಪಾಲಿಯುರಿಥೇನ್‌ನಲ್ಲೇ ಸೂಟ್ ಮಾಡಿದವು. 2009ರ ರೋಮ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 43 ವಿಶ್ವ ದಾಖಲೆ ಬಿದ್ದವು. ಅಲ್ಲಿ ಜರ್ಮನಿಯ ಪಾಲ್ ಬೀಡರ್‌ಮನ್ 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಮೈಕೆಲ್ ಫೆಲ್ಪ್ಸ್‌ನನ್ನು ಸೋಲಿಸಿದ. ಬೀಡರ್‌ಮನ್ 1:42.00, ಫೆಲ್ಪ್ಸ್ 1:43.22. ಗೆದ್ದವನ ಮೈಮೇಲೆ ಆ ವರ್ಷದ ಹೊಸ ಸೂಟ್, ಸೋತವನ ಮೈಮೇಲೆ ಹಿಂದಿನ ವರ್ಷದ ಅದ್ಭುತ. ಒಂದೇ ವರ್ಷದಲ್ಲಿ ಅದ್ಭುತ ಹಳೆಯದಾಗಿತ್ತು.

ಅದೇ ರೋಮ್‌ನಲ್ಲಿ ಅಂತಾರಾಷ್ಟ್ರೀಯ ಈಜು ಒಕ್ಕೂಟದ ಸಭೆ ನಡೆದು, ಇನ್ನು ಮುಂದೆ ನೇಯ್ದ ಬಟ್ಟೆ ಮಾತ್ರ ಎಂದು ಭಾರೀ ಬಹುಮತದಿಂದ ತೀರ್ಮಾನಿಸಿದರು. 2010ರ ಜನವರಿ 1ರಿಂದ ಗಂಡಸರದು ಹೊಕ್ಕುಳಿಂದ ಮೇಲೆ ಹೋಗಬಾರದು, ಮೊಣಕಾಲಿಗಿಂತ ಕೆಳಗೆ ಬರಬಾರದು, ಹೆಂಗಸರದು ಭುಜದಿಂದ ಮೊಣಕಾಲಿನವರೆಗೆ, ಜಿಪ್ ಇರಕೂಡದು. ಬೀಡರ್‌ಮನ್ 2011ರಲ್ಲಿ ಶಾಂಘೈಯಲ್ಲಿ ಹೊಸ ನಿಯಮದ ಬಟ್ಟೆಯಲ್ಲಿ ಅದೇ 200 ಮೀಟರಿನ ಫೈನಲ್ ಈಜಿದಾಗ ಸಮಯ 1:44.88. ಎರಡೂಮುಕ್ಕಾಲು ಸೆಕೆಂಡಿಗಿಂತ ಹೆಚ್ಚು ನಿಧಾನ. ಎಲ್ಲವೂ ಬಟ್ಟೆಯದೇ ಎಂದು ಹೇಳಲು ಬರುವುದಿಲ್ಲ, ಎರಡು ವರ್ಷದಲ್ಲಿ ಈಜುಗಾರನೂ ಬದಲಾಗಿರುತ್ತಾನೆ.

ಇಷ್ಟೆಲ್ಲ ಆದಮೇಲೂ ಒಕ್ಕೂಟ ಒಂದು ಕೆಲಸ ಮಾಡಲಿಲ್ಲ. ಆ ಎರಡು ವರ್ಷದ ದಾಖಲೆಗಳನ್ನು ಅಳಿಸಲಿಲ್ಲ, ಅವುಗಳ ಪಕ್ಕ ಒಂದು ನಕ್ಷತ್ರ ಚಿಹ್ನೆಯನ್ನೂ ಹಾಕಲಿಲ್ಲ. 1:42.00 ಬರೀ 1:42.00 ಆಗಿಯೇ ಪಟ್ಟಿಯಲ್ಲಿ ಉಳಿಯಿತು. ಹದಿನೈದು ವರ್ಷ ದಾಟಿದರೂ ಅದನ್ನು ಯಾರೂ ಮುಟ್ಟಲಿಲ್ಲ. ಈಗಿನ ಹುಡುಗರು ಆ ಅಂಕಿಯ ಎದುರು ಈಜುವಾಗ ಯಾವುದರ ಎದುರು ಈಜುತ್ತಿದ್ದಾರೆ ಎಂದು ಪಟ್ಟಿ ಹೇಳುವುದಿಲ್ಲ.

ಶಾರ್ಕ್ ಮೀನಿನ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮಲ್ಲಿ ಅನೇಕರು ಅದನ್ನು ಪಾಠದಲ್ಲಿ ಬಳಸುತ್ತೇವೆ. 2000ದ ಸಿಡ್ನಿ ಒಲಿಂಪಿಕ್ಸ್ ಹೊತ್ತಿಗೆ ಶಾರ್ಕ್ ಚರ್ಮವನ್ನು ಅನುಕರಿಸಿದ್ದು ಎಂಬ ಪ್ರಚಾರದೊಂದಿಗೆ ಫಾಸ್ಟ್‌ಸ್ಕಿನ್ ಸೂಟುಗಳು ಬಂದವು. 2012ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಜಾರ್ಜ್ ಲಾಡರ್ ಮತ್ತು ಜೊತೆಗಾರರು ನಿಜವಾದ ಶಾರ್ಕ್ ಚರ್ಮವನ್ನೂ ಆ ಸೂಟಿನ ಬಟ್ಟೆಯನ್ನೂ ನೀರಿನಲ್ಲಿ ಪರೀಕ್ಷಿಸಿದರು. ಶಾರ್ಕ್ ಚರ್ಮದ ಸಣ್ಣ ಹಲ್ಲುಗಳಿಂದ ಈಜುವ ವೇಗ ಹೆಚ್ಚುತ್ತದೆ, ಆದರೆ ಬಟ್ಟೆಯ ಮೇಲ್ಮೈ ವಿನ್ಯಾಸದಿಂದ ಅಂಥ ಲಾಭ ಕಾಣಲಿಲ್ಲ. ಸೂಟುಗಳಿಂದ ಲಾಭವೇ ಇಲ್ಲ ಎಂದಲ್ಲ. ಮೈ ಬಿಗಿಯುವುದರಿಂದ, ನೀರು ಹೀರದಿರುವುದರಿಂದ ಲಾಭ ಇರಬಹುದು. ಕಥೆ ಮಾತ್ರ ಬೇರೆ. ಆ ಕಥೆಯನ್ನೂ ನಾನು ತರಗತಿಯಲ್ಲಿ ಹೇಳಿದ್ದೆ ಎಂದು ಒಪ್ಪಿಕೊಳ್ಳಬೇಕು.

ಇಷ್ಟು ಓದಿದ ಮೇಲೆ ನನಗೆ ಬಿ.ಎಸ್ಸಿಯ ಗರ್ವ ಬಂತು. ಸಮಸ್ಯೆಯನ್ನು ಪೆನ್ನು ಕಾಗದದಲ್ಲೇ ಬಗೆಹರಿಸುತ್ತೇನೆ ಎಂದುಕೊಂಡೆ. ಬ್ರೆಜಿಲಿನ ಸೀಸರ್ ಸಿಯೆಲೊ 2009ರ ಡಿಸೆಂಬರ್‌ನಲ್ಲಿ 50 ಮೀಟರನ್ನು 20.91 ಸೆಕೆಂಡಿನಲ್ಲಿ ಈಜಿದ. ಸರಾಸರಿ ವೇಗ ಸೆಕೆಂಡಿಗೆ 2.4 ಮೀಟರ್. ಮಾವನದು 42 ಸೆಕೆಂಡ್, ಅಂದರೆ ಸೆಕೆಂಡಿಗೆ 1.2 ಮೀಟರ್. ಸರಿಯಾಗಿ ಅರ್ಧ. ನೀರಿನ ಎಳೆತ ಹೆಚ್ಚುಕಡಿಮೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಅರ್ಧವಾದರೆ ಎಳೆತ ಕಾಲು ಭಾಗ. ಹಾಗಾಗಿ ಸೂಟಿನಿಂದ ಸಿಗುವ ಲಾಭವೂ ಕಾಲು ಭಾಗ. ಒಲಿಂಪಿಕ್ಸ್‌ನವರಿಗೆ ಮಾತ್ರ ಉಪಯೋಗ, ಮಾವನಂಥ ವಯಸ್ಕರಿಗೆ ಇದು ಬರೀ ದುಡ್ಡಿನ ದಂಡ. ಒಂದು ಪುಟದಲ್ಲಿ ಚೆಂದವಾಗಿ ಬರೆದು, ತಿದ್ದುಪಡಿ ಪಾಠದ ಯೋಜನೆ ಎಂದು ಮೇಡಂ ಮುಂದಿಟ್ಟೆ.

ಅವರು ಎರಡು ಸಲ ಓದಿದರು. “ಎಳೆತ ಕಾಲು ಭಾಗ, ಸರಿ. ನಿಮ್ಮ ಮಾವನ ಸಾಮರ್ಥ್ಯ ಎಷ್ಟು?”

“ಅಂದ್ರೆ ಮೇಡಂ?”

“ಎಳೆತ ಕಾಲು ಭಾಗ ಆದರೂ ಅವರು ಅದರ ವಿರುದ್ಧ ತಮ್ಮ ಪೂರ್ತಿ ಶಕ್ತಿ ಹಾಕೇ ಈಜ್ತಾ ಇದಾರೆ ತಾನೇ? ಉಳಿದದ್ದನ್ನ ನೀವೇ ಮಾಡಿ.”

ಹೊರಗೆ ಬಂದು ಹುಣಸೆ ಮರದ ಕಟ್ಟೆಯ ಮೇಲೆ ಕೂತು ಮಾಡಿದೆ. ಸಾಮರ್ಥ್ಯ ಎಂದರೆ ಬಲ ಗುಣಿಸು ವೇಗ. ಬಲ ವೇಗದ ವರ್ಗದಷ್ಟಾದರೆ ಸಾಮರ್ಥ್ಯ ವೇಗದ ಘನದಷ್ಟು. ಸಿಯೆಲೊನ ಅರ್ಧ ವೇಗದಲ್ಲಿ ಹೋಗುವ ಮಾವನ ತೋಳಿನಲ್ಲಿರುವುದು ಅವನ ಎಂಟನೇ ಒಂದು ಪಾಲು ಸಾಮರ್ಥ್ಯ, ಅಷ್ಟೂ ಖರ್ಚಾಗುತ್ತಿದೆ. ಸೂಟ್ ಇಬ್ಬರ ಎಳೆತವನ್ನೂ ನೂರಕ್ಕೆ ಮೂರರಷ್ಟು ಇಳಿಸಿತು ಎಂದುಕೊಳ್ಳಿ, ಇದು ಲೆಕ್ಕಕ್ಕೆ ಇಟ್ಟುಕೊಂಡ ಅಂಕಿ, ಅಳೆದದ್ದಲ್ಲ. ಘನಮೂಲ ತೆಗೆದರೆ ಇಬ್ಬರ ವೇಗವೂ ನೂರಕ್ಕೆ ಸುಮಾರು ಒಂದರಷ್ಟು ಏರುತ್ತದೆ. ಸಿಯೆಲೊನಿಗೆ 0.2 ಸೆಕೆಂಡ್ ಉಳಿಯುತ್ತದೆ. ಮಾವನಿಗೆ 0.4. ನಿಧಾನ ಈಜುವವನಿಗೆ ಸೆಕೆಂಡಿನ ಲೆಕ್ಕದಲ್ಲಿ ಲಾಭ ಕಡಿಮೆಯಲ್ಲ, ಜಾಸ್ತಿ! ನನ್ನ ತೀರ್ಮಾನ ತಲೆಕೆಳಗಾಗಿತ್ತು. ಅಷ್ಟೇ ಅಲ್ಲ, ಫೆಲ್ಪ್ಸ್‌ನ ಹೊಟ್ಟೆಯನ್ನು ಬಿಗಿಯಲು ಏನೂ ಇಲ್ಲ. ಐವತ್ತು ದಾಟಿದ ಸೊಂಟ ತೊಡೆಗಳನ್ನು ಬಿಗಿದು ನಯ ಮಾಡಿದರೆ ನೀರಿಗೆ ಸಿಗುವ ಅಡೆತಡೆ ಇನ್ನೂ ಕಡಿಮೆಯಾಗಬಹುದು. ವಯಸ್ಕರಿಗೆ ಇದರಿಂದ ಏನೂ ಪ್ರಯೋಜನವಿಲ್ಲ ಎಂದು ನೈತಿಕ ದನಿಯಲ್ಲಿ ಹೇಳಲು ಹೊರಟಿದ್ದ ನನಗೆ ಇದು ಇಷ್ಟವಾಗಲಿಲ್ಲ. ಎರಡನೆಯ ಸುಳ್ಳನ್ನು ಸೂತ್ರದ ವೇಷ ಹಾಕಿಸಿ ತರಗತಿಗೆ ಕರೆದೊಯ್ಯುತ್ತಿದ್ದೆ.

ಅಳೆಯುವುದೊಂದೇ ಉಳಿದಿತ್ತು. ಮಾವ ಸುಲಭಕ್ಕೆ ಒಪ್ಪಲಿಲ್ಲ. “ಲೋ, ಅದು ಪ್ರಾಕ್ಟೀಸಿಗೆ ಉಡೋದಲ್ಲ ಕಣೋ. ಕ್ಲೋರಿನ್ ನೀರಲ್ಲಿ ಪದೇ ಪದೇ ಅದ್ದಿದ್ರೆ ನೀರು ಹೀರೋಕೆ ಶುರು ಮಾಡುತ್ತೆ. ಆಮೇಲೆ ಅದೂ ಚಡ್ಡಿ, ಇದೂ ಚಡ್ಡಿ.” ಮೂವತ್ತೆಂಟು ಮಕ್ಕಳ ನೋಟ್‌ಬುಕ್ಕಿನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೂರು ಸಲ, ಅದಕ್ಕಿಂತ ಒಂದು ಸಲ ಜಾಸ್ತಿ ಇಲ್ಲ ಅಂದರು.

ಅದನ್ನು ತೊಡುವುದೇ ಒಂದು ಪ್ರಹಸನ. ಪಾದಕ್ಕೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಸೂಟಿನೊಳಗೆ ಜಾರಿಸಬೇಕು, ಕವರ್ ಎಳೆದು ಇನ್ನೊಂದು ಕಾಲಿಗೆ ಹಾಕಬೇಕು, ಆಮೇಲೆ ಉಗುರು ತಾಗದ ಹಾಗೆ ಬೆರಳಿನ ಮೆತ್ತೆಯಿಂದ ಇಂಚಿಂಚಾಗಿ ಮೇಲಕ್ಕೆ. ಮೊದಲ ದಿನ ಹದಿನೈದು ನಿಮಿಷ ಹಿಡಿಯಿತು. ಬಟ್ಟೆ ಬದಲಿಸುವ ಕೋಣೆಯ ಹೊರಗೆ ನಿಂತ ಕಾವಲುಗಾರ, ಒಳಗೆ ಯಾರಿಗಾದರೂ ಹುಷಾರಿಲ್ಲವೇ ಎಂದು ಬಾಗಿಲು ಬಡಿದ.

ಆರು ಬೆಳಗುಗಳು. ಒಂದು ದಿನ ನೈಲಾನ್, ಒಂದು ದಿನ ಸೂಟ್. ಅದೇ 400 ಮೀಟರ್ ವಾರ್ಮಪ್, ಅದೇ ನಾಲ್ಕನೆಯ ಲೇನ್, ಒಂದೇ ಒಂದು 50. ಸ್ಟಾಪ್‌ವಾಚ್ ನನ್ನ ಕೈಯಲ್ಲಿ. ನೈಲಾನಿನಲ್ಲಿ 42.6, 41.9, 42.3. ಸೂಟಿನಲ್ಲಿ 41.7, 42.1, 41.2. ಸರಾಸರಿಗಳ ವ್ಯತ್ಯಾಸ 0.6 ಸೆಕೆಂಡ್. ಆದರೆ ಸೂಟಿನ ಒಂದು ದಿನ ನೈಲಾನಿನ ಒಂದು ದಿನಕ್ಕಿಂತ ನಿಧಾನ. ನನ್ನ ಹೆಬ್ಬೆರಳಿನ ತಪ್ಪು ಎರಡು ಮೂರು ದಶಾಂಶವಾದರೂ ಇದ್ದೇ ಇರುತ್ತದೆ.

ಈ ಆರು ಅಂಕಿಗಳನ್ನು ಹಾಗೇ ಹಲಗೆಯ ಮೇಲೆ ಬರೆದೆ. ಮೊದಲು, ಹೋದ ವಾರ ಹೇಳಿದ ಎರಡು ಸೆಕೆಂಡ್ ನಾನು ಸುಮ್ಮನೆ ಹೇಳಿದ್ದು, ಅಳೆದು ಹೇಳಿದ್ದಲ್ಲ ಅಂದೆ. ತರಗತಿ ನಿಶ್ಶಬ್ದವಾಯಿತು. ಒಬ್ಬ ಹುಡುಗ, “ಹಂಗಾದ್ರೆ ಟೆಸ್ಟಲ್ಲಿ ಬರೆದ್ರೆ ಮಾರ್ಕ್ಸ್ ಕೊಡಲ್ವಾ ಸಾರ್?” ಎಂದು ಕೇಳಿದ. ನಾನು ಹೆದರಿದ್ದು ಮಕ್ಕಳು ನಗುತ್ತಾರೆ ಎಂದು. ಅವರಿಗೆ ಅದಕ್ಕಿಂತ ಗಂಭೀರ ವಿಷಯ ಇತ್ತು.

ಮೂವತ್ತೆಂಟು ಮಂದಿ ಸರಾಸರಿ ತೆಗೆದರು. ಗುಂಪುಗಳಲ್ಲಿ ಚರ್ಚೆ. ಒಂದು ಗುಂಪು ಸೂಟಿನಿಂದ ಲಾಭ ಇದೆ ಎಂದಿತು, ಇನ್ನೊಂದು 42.1 ಮತ್ತು 41.9 ತೋರಿಸಿ ಹೇಳಕ್ಕಾಗಲ್ಲ ಎಂದಿತು. ಎರಡನೆಯ ಸಾಲಿನ ಅದೇ ಹುಡುಗಿ ಮತ್ತೆ ಕೈ ಎತ್ತಿದಾಗ ನನ್ನ ಎದೆ ಒಂದು ಸಲ ಧಸಕ್ಕೆಂದಿತು.

“ಸಾರ್, ಸೂಟ್ ಹಾಕ್ಕೊಂಡಿದೀನಿ ಅಂತ ಮಾವಂಗೆ ಗೊತ್ತಿತ್ತಲ್ವಾ? ಗೊತ್ತಿದ್ರೆ ಜೋರಾಗೇ ಈಜ್ತಾರೆ.”

ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ, ಈ ಸಲ ಇಲ್ಲ ಎಂದೇ ಹೇಳಿದೆ. ಗೊತ್ತಾಗದ ಹಾಗೆ ಹೇಗೆ ಮಾಡಬಹುದು ಎಂದು ಕೇಳಿದೆ. ಕಣ್ಣಿಗೆ ಬಟ್ಟೆ ಕಟ್ಟಬೇಕು ಎಂದರು. ಹಾಗೆ ಬಿಗಿಯುವ ಬಟ್ಟೆ ಕಣ್ಣು ಕಟ್ಟಿದರೂ ತಿಳಿಯುತ್ತದೆ ಎಂದು ಮತ್ತೊಬ್ಬ. ಗಂಟೆ ಹೊಡೆಯಿತು. ಮೌಲ್ಯಮಾಪನದ ಹಂತ ಮುಟ್ಟಲೇ ಇಲ್ಲ. ವೀಕ್ಷಣಾ ಪುಸ್ತಕದಲ್ಲಿ ಮೇಡಂ ಬರೆದದ್ದು: ಸಮಯ ನಿರ್ವಹಣೆ ಸುಧಾರಿಸಬೇಕು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಮಕ್ಕಳು ಪ್ರಶ್ನೆ ಕೇಳಿದ್ದಾರೆ.

ಹಾಗಾದರೆ ವಯಸ್ಕರ ಸ್ಪರ್ಧೆಗೆ ಈ ಸೂಟುಗಳು ಒಳ್ಳೆಯವೇ ಎಂದು ನನ್ನನ್ನೇ ಕೇಳಿಕೊಂಡರೆ, ಮೊದಲಿನಷ್ಟು ಸಲೀಸಾಗಿ ಉತ್ತರ ಬರುವುದಿಲ್ಲ. ಮೋಸ ಎನ್ನಲಾರೆ, ಈಗ ಸಿಗುವುದು ನಿಯಮದೊಳಗಿನ ನೇಯ್ದ ಬಟ್ಟೆ, ಯಾರು ಬೇಕಾದರೂ ಕೊಳ್ಳಬಹುದು. ‘ಯಾರು ಬೇಕಾದರೂ’ ಎಂಬ ಮಾತು ಮಾತ್ರ ನನ್ನನ್ನು ಚುಚ್ಚುತ್ತದೆ. ನಮ್ಮ ಬ್ಯಾಚಿನಲ್ಲಿ ಆಟೊ ಓಡಿಸುವವರೊಬ್ಬರಿದ್ದಾರೆ, ಮಾವನ ವಯಸ್ಸಿನವರೇ, ನೀರಿನಲ್ಲಿ ಮಾವನಿಗಿಂತ ಸೊಗಸು. ಒಂದು ಸಲ ಕೂಟಕ್ಕೆ ಹೋಗಿ, ಸುತ್ತ ಎಲ್ಲರ ಕಾಲಿಗೂ ಆ ಕಪ್ಪು ಬಟ್ಟೆ ನೋಡಿ, ಇದು ನಮ್ಮಂಥೋರಿಗಲ್ಲ ಬಿಡಿ ಎಂದು ಮರುವರ್ಷ ಹೋಗಲೇ ಇಲ್ಲ. ಅವರಿಂದ ಸೂಟ್ ಕಸಿದುಕೊಂಡದ್ದು ಅರ್ಧ ಸೆಕೆಂಡನ್ನಲ್ಲ.

ಹಾಗೆಂದು ನಿಷೇಧಿಸಿಬಿಡಿ ಎನ್ನಲು ಹೊರಟರೆ ಪೋಸ್ಟಾಫೀಸಿನ ಅಕ್ಕ ಅಡ್ಡ ಬರುತ್ತಾರೆ. ಅವರಿಗೆ ನಲವತ್ತರ ಆಸುಪಾಸು. ನಾಲ್ಕು ವರ್ಷ ದಿನಾ ಈಜಿದರೂ ಸ್ಪರ್ಧೆಗೆ ಹೆಸರು ಕೊಡುತ್ತಿರಲಿಲ್ಲ. ಅಭ್ಯಾಸಕ್ಕೆ ತೋಳು ಕಾಲು ಮುಚ್ಚುವ ಸಡಿಲ ಉಡುಗೆ ಹಾಕುತ್ತಿದ್ದರು, ಅದರಲ್ಲಿ ನೀರು ತುಂಬಿ ಬಕೆಟ್ ಎಳೆದುಕೊಂಡು ಹೋದ ಹಾಗಾಗುತ್ತದೆ ಎಂದು ನಗುತ್ತಿದ್ದರು. ತೊಡೆ ಕಾಣುವ ಸಾಮಾನ್ಯ ರೇಸಿಂಗ್ ಉಡುಗೆಯಲ್ಲಿ ಗ್ಯಾಲರಿ ಮುಂದೆ ನಿಲ್ಲಲು ಅವರಿಗೆ ಮನಸ್ಸಿಲ್ಲ. ಭುಜದಿಂದ ಮೊಣಕಾಲಿನವರೆಗಿನ ಸೂಟ್ ನಿಯಮದಲ್ಲೇ ಇದೆ ಎಂದು ತಿಳಿದ ಮೇಲೆ ಚೀಟಿ ಹಣ ಎತ್ತಿ ಒಂದು ಕೊಂಡರು. ಹೋದ ವರ್ಷ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಈಜಿದರು. ಎಷ್ಟು ಸೆಕೆಂಡ್ ಉಳಿಯಿತು ಎಂದು ಅವರನ್ನು ಕೇಳಿದರೆ, “ಯಾವ ಸೆಕೆಂಡಪ್ಪಾ?” ಅನ್ನುತ್ತಾರೆ.

ನನಗೆ ಈ ಬಟ್ಟೆಯ ಬಗ್ಗೆ ಉಳಿದಿರುವ ನಿಜವಾದ ತಕರಾರು ಡೈರಿಯದು. ಒಲಿಂಪಿಕ್ಸ್‌ನವರು ಪಕ್ಕದ ಲೇನಿನವನ ಎದುರು ಈಜುತ್ತಾರೆ. ಮಾವನಂಥವರು 2017ರ ತಮ್ಮ ಎದುರು ಈಜುತ್ತಾರೆ. ಪಕ್ಕದ ಲೇನಿನವನೂ ಅದೇ ಬಟ್ಟೆ ತೊಟ್ಟರೆ ಲೆಕ್ಕ ಸರಿಹೋಯಿತು. 46ರ ಮಾವನಿಗೆ ಯಾರು ಸೂಟ್ ತೊಡಿಸುತ್ತಾರೆ? ಪ್ರಯೋಗದ ನಡುವೆ ಅಳತೆಪಟ್ಟಿ ಬದಲಿಸಿದರೆ ಏನಾಗುತ್ತದೆ ಎಂದು ನಾವು ಒಂಬತ್ತನೆಯ ತರಗತಿಯ ಮಕ್ಕಳಿಗೆ ಹೇಳುತ್ತೇವೆ. ಈ ಮಾತನ್ನು ಒಂದು ಭಾನುವಾರ ಮಾವನಿಗೆ ಸ್ವಲ್ಪ ಅಳುಕಿನಿಂದಲೇ ಹೇಳಿದೆ. ಮಗ ತಂದುಕೊಟ್ಟ ಉಡುಗೊರೆ, ಬೇಜಾರಾಗಬಹುದು ಎಂಬ ಅಂಜಿಕೆ ಇತ್ತು.

ಅವರು ಎದ್ದು ಹೋಗಿ ಡೈರಿ ತಂದರು. ಹೋದ ವರ್ಷದ ಕೂಟದ ಪುಟ ತೆರೆದು ತೋರಿಸಿದರು. 41.5 ಎಂಬ ಅಂಕಿಯ ಪಕ್ಕ ಸಣ್ಣದಾಗಿ ‘ಸೂ’ ಎಂದು ಬರೆದಿತ್ತು. ನಾನು ಅಳೆದ ಮೂರು ದಿನಗಳ ಪಕ್ಕದಲ್ಲೂ ‘ಸೂ’. ಕೊಳದ ನೀರು ತೀರಾ ತಣ್ಣಗಿದ್ದ ದಿನ ‘ಚ’, ಜ್ವರ ಬಿಟ್ಟು ಬಂದ ವಾರ ‘ಜ್ವ’. ಪುಟ ತಿರುಗಿಸುತ್ತಾ ಹೋದೆ, ಎಂಟು ವರ್ಷದಲ್ಲಿ ಬರೀ ಅಂಕಿ ಇರುವ ದಿನಗಳಿಗಿಂತ ಪಕ್ಕದಲ್ಲಿ ಏನಾದರೊಂದು ಅಕ್ಷರ ಇರುವ ದಿನಗಳೇ ಹೆಚ್ಚು.

“ಬರ್ಕೊಳ್ದೆ ಇದ್ರೆ ಆಮೇಲೆ ನಂಗೇ ಮರ್ತೋಗುತ್ತೆ ಕಣೋ” ಅಂದರು, ಅಷ್ಟೆ.

ನೋಟ್‌ಬುಕ್ಕುಗಳನ್ನು ಮತ್ತೆ ತರಿಸಿಕೊಂಡೆ. ಹೆಚ್ಚಿನವರು ಎರಡು ಸೆಕೆಂಡಿನ ಸಾಲನ್ನು ಹೊಡೆದುಹಾಕಿ 0.6 ಎಂದು ಬರೆದಿದ್ದರು. ನನ್ನ ಎರಡನ್ನು ನಂಬಿದ ಹಾಗೇ ಈ ಸೊನ್ನೆ ದಶಾಂಶ ಆರನ್ನೂ ನಂಬಿದ್ದರು ಎಂದು ಕಂಡು ಸ್ವಲ್ಪ ಕಸಿವಿಸಿಯಾಯಿತು. ಎರಡನೆಯ ಸಾಲಿನ ಹುಡುಗಿ ಮಾತ್ರ ಆರೂ ಅಂಕಿಗಳನ್ನು ಸಾಲಾಗಿ ಬರೆದುಕೊಂಡು, ಪಕ್ಕದಲ್ಲಿ ಆವರಣದೊಳಗೆ ‘ಮಾವನಿಗೆ ಗೊತ್ತಿತ್ತು’ ಎಂದು ಸೇರಿಸಿದ್ದಳು. ಅದಕ್ಕೆ ಸರಿ ಗುರುತು ಹಾಕಿದೆ.

ಈ ವರ್ಷದ ಕೂಟ ಹೋದ ತಿಂಗಳು ಮುಗಿಯಿತು. ಆಟೊದವರನ್ನು ಒಪ್ಪಿಸಲು ಮಾವ ಎರಡು ವಾರ ಹಿಂದೆ ಬಿದ್ದಿದ್ದರು. ಕೊನೆಗೆ ಇಬ್ಬರೂ ಆರುನೂರು ರೂಪಾಯಿಯ ಚಡ್ಡಿಯಲ್ಲೇ ಇಳಿಯುವುದು ಎಂದು ಕರಾರಾಯಿತು. ಎಂಟು ಮಂದಿಯಲ್ಲಿ ಆಟೊದವರು ಮೂರನೆಯವರು, ಮಾವ ಆರನೆಯವರು. ಡೈರಿಯಲ್ಲಿ 42.0, ಪಕ್ಕದಲ್ಲಿ ಏನೂ ಇಲ್ಲ. ಮುಂದಿನ ವರ್ಷ ಸೂಟ್ ಹಾಕುತ್ತೀರಾ ಎಂದರೆ ನೋಡೋಣ ಎನ್ನುತ್ತಾರೆ. ಅಷ್ಟು ದುಡ್ಡಿನದು ಬೀರುವಿನಲ್ಲಿ ಕೊಳೆಯಬಾರದು ಎಂದು ಈಗ ಅತ್ತೆಯೇ ಒತ್ತಾಯ ಮಾಡುತ್ತಿದ್ದಾರಂತೆ.

ಮುಂದಿನ ವಾರ ಒಂಬತ್ತನೆಯ ತರಗತಿಗೆ ನನ್ನದು ತೇಲುವಿಕೆಯ ಪಾಠ. ಸೂಟ್ ಇನ್ನೊಂದು ಸಲ ಕೊಡಿ ಎಂದು ಕೇಳಿದ್ದೇನೆ. ಹೋದ ಸಲ ಯಾರೋ ಅದರ ಮೇಲೆ ಇಂಕಿನ ಹನಿ ಬಿಟ್ಟು ಅದೂ ಉರುಳುತ್ತದೆಯೇ ಎಂದು ನೋಡಿದ್ದಾರೆ. ಉರುಳಿಲ್ಲ.